ಲಕ್ಕವಳ್ಳಿಯ ನಡುಗಡ್ಡೆಗೂ ಅಂಟಾರ್ಕ್ಟಿಕಾದ ಕಟ್ಟಳೆ

ಅಂಟಾರ್ಕ್ಟಿಕಾ ನೋಡಿ ಬರಲು ಈಗ ವಿಜ್ಞಾನಿಯೇ ಆಗಿರಬೇಕಿಲ್ಲ, ಲಕ್ಷಗಟ್ಟಲೆ ದುಡ್ಡಿದ್ದರಾಯಿತು. ಅರ್ಜೆಂಟೀನಾದ ಉಶುವಾಯದಲ್ಲಿ ಹಡಗು ಹತ್ತಿ, ಡ್ರೇಕ್ ಜಲಸಂಧಿಯ ಅಲೆಗಳಲ್ಲಿ ಎರಡು ದಿನ ಹೊಟ್ಟೆ ತೊಳೆಸಿಕೊಂಡರೆ ಪೆಂಗ್ವಿನ್‌ಗಳ ನಾಡು ಸಿಗುತ್ತದೆ. ಗಟ್ಟಿಗರು ಅಲ್ಲಿ ನೀರಿನಡಿಗೂ ಇಳಿಯುತ್ತಾರೆ. ಉಪ್ಪಿನ ದೆಸೆಯಿಂದ ಆ ಕಡಲು ಸೊನ್ನೆಗಿಂತ ಕೆಳಗೆ, ಮೈನಸ್ 1.8 ಡಿಗ್ರಿ ಮುಟ್ಟುವವರೆಗೂ ಹೆಪ್ಪುಗಟ್ಟುವುದಿಲ್ಲ. ಹಾಗಾಗಿ ಮೈಗೆ ನೀರು ತಾಗದ ಡ್ರೈಸೂಟ್‌ನಲ್ಲಿ ಪಳಗಿದವರಿಗಷ್ಟೇ ಅವಕಾಶ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗಿ ಬೆಚ್ಚಗಿನ ನೀರಲ್ಲಿ ಮುಳುಗೆದ್ದ ಅನುಭವ ಅಲ್ಲಿ ಸಾಲದು.

ಧ್ರುವ ಪ್ರದೇಶದ ಪ್ರವಾಸಿಗಳು ಬೆರಗಿನಿಂದ ನೋಡುವ ಹಕ್ಕಿಗಳಲ್ಲಿ ಆರ್ಕ್ಟಿಕ್ ಟರ್ನ್ ಒಂದು. ಉತ್ತರ ಧ್ರುವದ ಬಳಿ ಮರಿ ಮಾಡಿ, ದಕ್ಷಿಣ ಧ್ರುವದ ಅಂಚಿಗೆ ಹಾರಿ, ಮತ್ತೆ ಮರಳುತ್ತದೆ. ಗ್ರೀನ್‌ಲೆಂಡ್‌ನಲ್ಲಿ ಕಾಲಿಗೆ ಪುಟ್ಟ ಯಂತ್ರ ಕಟ್ಟಿ ಅಳೆದಾಗ ವರ್ಷಕ್ಕೆ ಸರಾಸರಿ 70,000 ಕಿಲೋಮೀಟರ್ ದಾಟಿದ್ದು 2010ರಲ್ಲಿ ಪ್ರಕಟವಾಯಿತು.

ಅದರ ದಾಯಾದಿ ತರೀಕೆರೆ ತಾಲ್ಲೂಕಿನಲ್ಲೇ ಇದೆ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ಗುಂಪುಗುಂಪಾಗಿ ಗೂಡು ಮಾಡುವ ನದಿ ರೀವ, ಪ್ರವಾಸಿಗಳ ಬಾಯಲ್ಲಿ ರಿವರ್ ಟರ್ನ್. ಜಂಗಲ್ ಲಾಡ್ಜಸ್ ಅಲ್ಲಿನ ತನ್ನ ವಸತಿಗೃಹಕ್ಕೆ ಇದೇ ಹೆಸರಿಟ್ಟಿದೆ. ಕರಿ ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಗಂಡು ನೀರಿಗೆ ಧುಮುಕಿ ಮೀನು ಹಿಡಿಯುತ್ತದೆ. ತಿನ್ನದೆ ಕೊಕ್ಕಿನಲ್ಲಿ ಅಡ್ಡ ಹಿಡಿದು ಹೆಣ್ಣಿನ ಮುಂದೆ ಬಂದು ನಿಲ್ಲುತ್ತದೆ. ಅವಳು ಒಪ್ಪಿ ತೆಗೆದುಕೊಂಡರೆ ಸಂಸಾರದ ಮಾತು ಮುಂದಕ್ಕೆ.

ಈ ಸಂಸಾರ ನಡೆಯುವುದು ಮಾತ್ರ ರೈತರ ನೀರಿನ ಲೆಕ್ಕದ ಮೇಲೆ. ಮಳೆಗಾಲದಲ್ಲಿ ಜಲಾಶಯ 186 ಅಡಿ ಮುಟ್ಟಿದಾಗ ಗುಡ್ಡದ ನೆತ್ತಿಗಳು ಮುಳುಗಿರುತ್ತವೆ. ದಾವಣಗೆರೆ, ಶಿವಮೊಗ್ಗ ಕಡೆಯ ಅಚ್ಚುಕಟ್ಟಿಗೆ ಬೇಸಿಗೆ ಬೆಳೆಗೆ ನಾಲೆ ಬಿಟ್ಟಂತೆ ಮಟ್ಟ ಇಳಿದು, ಬೋಳು ನಡುಗಡ್ಡೆಗಳು ತಲೆ ಎತ್ತುತ್ತವೆ. ಗದ್ದೆಗೆ ನೀರು ಹರಿದಷ್ಟೂ ಹಕ್ಕಿಗೆ ಜಾಗ! ಅಣೆಕಟ್ಟು ಕಟ್ಟಿದವರು ಇದನ್ನು ಎಣಿಸಿರಲಿಕ್ಕಿಲ್ಲ. ಕಲ್ಲುಮಣ್ಣಿನ ಮೇಲೆ ಸಣ್ಣ ಗುಳಿ ಮಾಡಿ ಎರಡು ಮೂರು ಚುಕ್ಕೆ ಮೊಟ್ಟೆ ಇಟ್ಟರೆ ಅದೇ ಗೂಡು. ಮುಂಗಾರಿನ ನೀರು ಏರುವ ಮೊದಲು ಮರಿಗಳು ರೆಕ್ಕೆ ಬಲಿತು ಹಾರಬೇಕು.

ಈ ನಡುವೆ ದೋಣಿಗಳು ಬರುತ್ತವೆ, ಕ್ಯಾಮೆರಾಗಳೂ ಬರುತ್ತವೆ. ದೋಣಿ ತೀರಾ ಹತ್ತಿರ ಹೋದರೆ ತಾಯಿ ಹಕ್ಕಿ ಎದ್ದುಬಿಡುತ್ತದೆ. ಬೇಸಿಗೆಯ ಬಿಸಿಲಲ್ಲಿ ನೆರಳು ತಪ್ಪಿದ ಮೊಟ್ಟೆ ಬಹಳ ಹೊತ್ತು ತಾಳದು. ಕಾಗೆ, ಹದ್ದುಗಳ ಕಣ್ಣಿಗೂ ಬೀಳುತ್ತದೆ. ಅಂಟಾರ್ಕ್ಟಿಕಾದ ಪ್ರವಾಸ ಸಂಸ್ಥೆಗಳು ತಾವೇ ಹಾಕಿಕೊಂಡ ಕಟ್ಟಳೆ ಇಲ್ಲಿ ನೆನಪಾಗುತ್ತದೆ: ಪೆಂಗ್ವಿನ್‌ನಿಂದ ಕನಿಷ್ಠ 5 ಮೀಟರ್ ದೂರ, ಒಂದು ಜಾಗದಲ್ಲಿ ಒಮ್ಮೆಗೆ 100 ಜನರಿಗಿಂತ ಹೆಚ್ಚು ಇಳಿಯಕೂಡದು, 500ಕ್ಕಿಂತ ಹೆಚ್ಚು ಪ್ರಯಾಣಿಕರಿರುವ ಹಡಗಿನಿಂದ ಯಾರೂ ಇಳಿಯುವಂತಿಲ್ಲ. ಬಿಸಿಲಿಗೆ ಮೊಟ್ಟೆ ಕೆಡುವ ಲಕ್ಕವಳ್ಳಿಗೆ ಇನ್ನೂ ಹೆಚ್ಚಿನ ದೂರ ಬೇಕು. ಮೊಬೈಲಿನಲ್ಲಿ ಹಕ್ಕಿ ಚುಕ್ಕೆಯಂತೆ ಕಂಡರೆ ಕಾಣಲಿ. ಈ ಹಕ್ಕಿ ಈಗ ಅಪಾಯದಂಚಿನ ಜೀವಿಗಳ ಜಾಗತಿಕ ಪಟ್ಟಿಯಲ್ಲಿದೆ.

ದೋಣಿಯ ಖರ್ಚೂ ಬೇಡವೆನ್ನುವವರಿಗೆ ಕಡೂರು, ಅಜ್ಜಂಪುರದ ಬಯಲುಸೀಮೆ ಇದೆ. ಬಾಸೂರಿನ ಅಮೃತಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳ ಹಿಂಡು ಸಿಗುತ್ತದೆ. ಇನ್ನು ಚಳಿಗಾಲದಲ್ಲಿ ಕರ್ನಾಟಕದ ಕೆರೆಗಳ ಕೆಸರಂಚಿಗೆ ಗುಬ್ಬಚ್ಚಿ ಗಾತ್ರದ ಲಿಟಲ್ ಸ್ಟಿಂಟ್ ಬರುತ್ತದೆ. ಹುಟ್ಟಿದ್ದು ಸೈಬೀರಿಯಾದ ತುದಿಯ ಹಿಮಬಯಲಿನಲ್ಲಿ, ತೂಕ ಸುಮಾರು 25 ಗ್ರಾಂ. ನವೆಂಬರ್‌ನಿಂದ ಮಾರ್ಚ್‌ವರೆಗೆ ಬೆಳಗ್ಗೆ ಬೇಗ ಹೋಗಿ, ಕೆರೆ ಏರಿಯಿಂದ ಇಳಿಯದೆ, ದುರ್ಬೀನಿನಲ್ಲಿ ನೀರು ಹಿಂದೆ ಸರಿದ ಕಡೆ ಹುಡುಕಿದರೆ ಇಂಥ ವಲಸೆ ಹಕ್ಕಿಗಳು ಸಿಗುತ್ತವೆ.