ಗೋಮಾಳದಲ್ಲಿ ಎದ್ದ ಪೇಟೆ

ಕೆನ್ಯಾ ದೇಶದ ವಾಯವ್ಯ ಮೂಲೆ. ಕಿಟಾಲೆಯಿಂದ ಹೊರಟು ಲೊಡ್ವಾರ್ ದಾಟಿ ದಕ್ಷಿಣ ಸುಡಾನ್ ಗಡಿಯ ಕಡೆ ಹೋಗುವ ಹೆದ್ದಾರಿಯ ಬದಿಯಲ್ಲಿ ಕಾಕುಮಾ ಇದೆ. ಸುಡುಬಿಸಿಲು, ದೂಳು, ಮಳೆ ಬಿದ್ದರೆ ಮಾತ್ರ ಹರಿಯುವ ಹಳ್ಳಗಳು. ಹಳ್ಳದ ದಂಡೆಗಳಲ್ಲಿ ಒತ್ತಾಗಿ ಬೆಳೆದಿರುವ ಗಿಡವನ್ನು ನಮ್ಮ ಬಯಲುಸೀಮೆಯವರು ಯಾರ ಸಹಾಯವೂ ಇಲ್ಲದೆ ಗುರುತಿಸುತ್ತಾರೆ: ಬಳ್ಳಾರಿ ಜಾಲಿ. ಅಮೆರಿಕ ಖಂಡದ ಈ ಮುಳ್ಳುಗಿಡವನ್ನು ಬರಡು ನೆಲ ಹಸಿರಾಗಲಿ ಎಂದು ಅಲ್ಲಿಗೂ ತಂದು ನೆಟ್ಟರು. ಅಲ್ಲೂ ಅದು ಯಾರ ಮಾತೂ ಕೇಳದೆ ಹಬ್ಬಿತು. ಒಂದು ವ್ಯತ್ಯಾಸವಿದೆ. ಕಾಕುಮಾದಲ್ಲಿ ಆ ಜಾಲಿಯ ಸೌದೆಯೇ ಎರಡು ಸಮುದಾಯಗಳ ನಡುವಿನ ಹಳೆಯ ವ್ಯಾಪಾರ. ಕಡಿದು ಮಾರುವವರು ಆ ನೆಲದ ತುರ್ಕಾನಾ ಜನ, ಕೊಂಡು ಒಲೆ ಹಚ್ಚುವವರು ಯುದ್ಧ ತಪ್ಪಿಸಿಕೊಂಡು ಬಂದ ನಿರಾಶ್ರಿತರು.

ಕಾಕುಮಾ ಶಿಬಿರ ಶುರುವಾದದ್ದು 1992ರಲ್ಲಿ. ಸುಡಾನಿನ ಅಂತರ್ಯುದ್ಧದಿಂದ ಓಡಿ ಇಥಿಯೋಪಿಯಾ ಸೇರಿದ್ದ ಸಾವಿರಾರು ಹುಡುಗರಿಗೆ, 1991ರಲ್ಲಿ ಅಲ್ಲಿ ಮೆಂಗಿಸ್ಟು ಸರ್ಕಾರ ಉರುಳಿದ ಮೇಲೆ ಮತ್ತೆ ನೆಲೆ ತಪ್ಪಿತು. ಅಪ್ಪ ಅಮ್ಮ ಜೊತೆಗಿಲ್ಲದೆ, ಗುಂಪುಗುಂಪಾಗಿ ನಡೆದು ಕೆನ್ಯಾ ಮುಟ್ಟಿದ ಆ ಹುಡುಗರಿಗಾಗಿ ಹಾಕಿದ ಬಿಡಾರವೇ ಮುಂದೆ ಕಾಕುಮಾ ಆಯಿತು. ಅವರ ಹಿಂದೆ ಇಥಿಯೋಪಿಯಾದವರು, ಸೊಮಾಲಿಯಾದವರು, ಕಾಂಗೊ ಮತ್ತು ಬುರುಂಡಿಯವರು ಬಂದರು. ಸರ್ಕಾರಗಳ ಕಡತದಲ್ಲಿ ಶಿಬಿರ ಎಂದರೆ ನಾಳೆ ಎತ್ತಿಬಿಡುವ ವ್ಯವಸ್ಥೆ. ಆ ನಾಳೆಗೆ ಮೂವತ್ತು ವರ್ಷ ದಾಟಿದೆ. ಅಲ್ಲಿ ಹುಟ್ಟಿದವರ ಮಕ್ಕಳೂ ಅಲ್ಲೇ ಹುಟ್ಟಿದ್ದಾರೆ. ಹೊರಗಿನ ಜಗತ್ತಿಗೆ ಕಾಕುಮಾದ ಹೆಸರು ಹೆಚ್ಚಾಗಿ ಕೇಳಿಸಿದ್ದು 2016ರ ರಿಯೊ ಒಲಿಂಪಿಕ್ಸ್‌ನಲ್ಲಿ. ಮೊದಲ ನಿರಾಶ್ರಿತರ ತಂಡದ ಹತ್ತು ಮಂದಿಯಲ್ಲಿ ಐವರು ಓಟಗಾರರು ಈ ಶಿಬಿರದವರು. ಕ್ರೀಡೆಯ ಸುದ್ದಿ ಹಾಗೆಯೇ, ಬಂದಷ್ಟೇ ಬೇಗ ಹೋಯಿತು.

ಈ ಲೇಖನದ ವಿಷಯ ಕಾಕುಮಾದ ಪಕ್ಕದಲ್ಲೇ ಎದ್ದ ಇನ್ನೊಂದು ಊರು, ಕಲೊಬೆಯಿ. ನಿರಾಶ್ರಿತರಿಗೊಂದು, ಊರವರಿಗೊಂದು ಎಂದು ಬೇರೆಬೇರೆ ವ್ಯವಸ್ಥೆ ಮಾಡುವ ಬದಲು ಇಬ್ಬರಿಗೂ ಸೇರಿ ಒಂದೇ ಪಟ್ಟಣವನ್ನು ನಕ್ಷೆ ಹಾಕಿ ಕಟ್ಟಿದರೆ ಹೇಗೆ ಎಂದು ನಡೆಸಿದ ಪ್ರಯೋಗ ಅದು.

ದಕ್ಷಿಣ ಸುಡಾನಿನಲ್ಲಿ 2013ರ ಡಿಸೆಂಬರಿನಲ್ಲಿ ಮತ್ತೆ ಯುದ್ಧ ಹೊತ್ತಿಕೊಂಡಾಗ ಕಾಕುಮಾ ತುಂಬಿ ತುಳುಕಿತು. ಹೊಸ ಜಾಗ ಬೇಕೆಂದು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಕೇಳಿತು. ಆ ಹೊತ್ತಿಗೆ ಕೆನ್ಯಾದ ಆಡಳಿತ ಬದಲಾಗಿತ್ತು. 2010ರ ಸಂವಿಧಾನದಂತೆ 2013ರಿಂದ ಕೌಂಟಿ ಸರ್ಕಾರಗಳು ಬಂದಿದ್ದವು. ಅಲ್ಲಿಯವರೆಗೆ ಶಿಬಿರದ ಮಾತುಕತೆ ನಡೆಯುತ್ತಿದ್ದದ್ದು ನೈರೋಬಿ ಮತ್ತು ವಿಶ್ವಸಂಸ್ಥೆಯ ನಡುವೆ ಮಾತ್ರ. ಈಗ ತುರ್ಕಾನಾ ಕೌಂಟಿಗೆ ಚುನಾಯಿತ ಗವರ್ನರ್ ಇದ್ದರು, ವಿಧಾನಸಭೆಯಿತ್ತು, ಬಜೆಟ್ ಇತ್ತು. ಜಾಗ ಕೇಳಿದವರ ಮುಂದೆ ಕೌಂಟಿ ಮತ್ತು ಸ್ಥಳೀಯ ಸಮುದಾಯ ಷರತ್ತು ಇಟ್ಟವು: ಮತ್ತೊಂದು ಶಿಬಿರ ಬೇಡ, ನಮ್ಮವರಿಗೂ ಉಪಯೋಗವಾಗುವ ಊರು ಬೇಕು. 2015ರಲ್ಲಿ ಒಪ್ಪಂದವಾಗಿ 1,500 ಹೆಕ್ಟೇರ್ ಭೂಮಿ ಸಿಕ್ಕಿತು, ನಮ್ಮ ಲೆಕ್ಕದಲ್ಲಿ ಸುಮಾರು 3,700 ಎಕರೆ. 1960ರ ದಶಕದ ಆರಂಭದಲ್ಲಿ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಮೈಸೂರು ರಾಜ್ಯ ಕೊಟ್ಟದ್ದು ಸುಮಾರು 3,000 ಎಕರೆ ಎಂದು ನೆನೆದರೆ ಅಳತೆ ಕಣ್ಣಿಗೆ ಕಟ್ಟುತ್ತದೆ. ಆದರೆ ಬೈಲಕುಪ್ಪೆಯಲ್ಲಿ ಕಾಡು ಸವರಿದರೆ ಮೆಕ್ಕೆಜೋಳ ಬೆಳೆಯುವಷ್ಟು ಮಳೆಯಿತ್ತು. ಕಲೊಬೆಯಿಯಲ್ಲಿ ನೆಲದಡಿಯ ನೀರಿಗೂ ಬರ.

ಆ 3,700 ಎಕರೆ ಖಾಲಿ ಜಾಗವೂ ಆಗಿರಲಿಲ್ಲ. ತುರ್ಕಾನಾ ಜನ ದನ, ಒಂಟೆ, ಮೇಕೆಗಳನ್ನು ಹೊಡೆದುಕೊಂಡು ಮೇವಿರುವಲ್ಲಿಗೆ ಹೋಗುವ ಪಶುಪಾಲಕರು. ಯಾರೊಬ್ಬರ ಹೆಸರಿನಲ್ಲೂ ಪಹಣಿ ಇಲ್ಲದ, ಎಲ್ಲರೂ ಮೇಯಿಸುವ ಗೋಮಾಳ ಅದು. ಕೆನ್ಯಾ ಸಂವಿಧಾನ ಇಂಥ ನೆಲವನ್ನು ಸಮುದಾಯ ಭೂಮಿ ಎಂದು ಕರೆದು, ನೋಂದಣಿ ಆಗುವವರೆಗೆ ಕೌಂಟಿ ಸರ್ಕಾರ ಅದನ್ನು ಸಮುದಾಯದ ಪರವಾಗಿ ಕಾಯಬೇಕು ಎನ್ನುತ್ತದೆ. ಆದ್ದರಿಂದ ಬಿಟ್ಟುಕೊಟ್ಟವರು ಮಾರಿದವರಲ್ಲ, ದಾನ ಮಾಡಿದವರೂ ಅಲ್ಲ. ಕಲೊಬೆಯಿಯ ಮುಂದಿನ ಪ್ರತಿಯೊಂದು ತಕರಾರಿನ ಬುಡದಲ್ಲಿ ಈ ಸಂಗತಿ ಇದೆ.

ನಕ್ಷೆ ಹಾಕುವ ಕೆಲಸ ವಿಶ್ವಸಂಸ್ಥೆಯ ನಗರ ವಸತಿ ಸಂಸ್ಥೆಯಾದ ಯುಎನ್ ಹ್ಯಾಬಿಟಾಟ್‌ಗೆ ಬಂತು. ನಿರಾಶ್ರಿತರ ಶಿಬಿರಗಳನ್ನು ಸಾಮಾನ್ಯವಾಗಿ ಹಾಕುವುದು ಗುಡಾರಗಳ ಸಾಲಿನಲ್ಲಿ. ಪಡಿತರ ಹಂಚಲು, ತಲೆ ಎಣಿಸಲು ಅನುಕೂಲ. ಇಲ್ಲಿ ಬಡಾವಣೆ ಹಾಕುವವರ ಕಣ್ಣಿನಿಂದ ನೋಡಿದರು. ಹಳ್ಳ ಉಕ್ಕಿದಾಗ ನೀರು ಎಲ್ಲಿಯವರೆಗೆ ಬರುತ್ತದೆ, ಮಾರುಕಟ್ಟೆ ಎಲ್ಲಿರಬೇಕು, ಶಾಲೆಗೆ ಮಕ್ಕಳು ಎಷ್ಟು ದೂರ ನಡೆಯಬೇಕು, ಮುಂದೆ ರಸ್ತೆ ಅಗಲವಾಗಬೇಕಾದರೆ ಜಾಗ ಉಳಿದಿರುತ್ತದೆಯೇ ಎಂಬುದನ್ನೆಲ್ಲ ಯೋಚಿಸಿದರು. ನಿರಾಶ್ರಿತರನ್ನೂ ತುರ್ಕಾನಾ ಜನರನ್ನೂ ಕೂರಿಸಿಕೊಂಡು ಸಭೆ ಮಾಡಿದರು. ಒಟ್ಟು 60,000 ಜನಕ್ಕೆಂದು ಹಾಕಿದ ಯೋಜನೆ. ಜಪಾನಿನ ಹೆಸರಾಂತ ವಾಸ್ತುಶಿಲ್ಪಿ ಶಿಗೆರು ಬಾನ್ ಮಾದರಿ ಮನೆಗಳ ವಿನ್ಯಾಸ ಮಾಡಿಕೊಟ್ಟರು. ಊರು ಕಟ್ಟಿದ್ದು ಮಾತ್ರ ಬೇರೆ ದಾರಿಯಲ್ಲಿ. ಮನೆ ಕಟ್ಟಿಕೊಳ್ಳಲು ಕುಟುಂಬಗಳ ಕೈಗೇ ಹಣ ಕೊಟ್ಟರು. ಇಟ್ಟಿಗೆ, ತಗಡು, ಮೇಸ್ತ್ರಿ ಎಲ್ಲವನ್ನೂ ಅವರೇ ನೋಡಿಕೊಂಡರು. ಹೆಸರಾಂತ ವಿನ್ಯಾಸದ ಮನೆಗಳಿಗಿಂತ ಈ ಸಾದಾ ಇಟ್ಟಿಗೆ ಮನೆಗಳ ಮೇಲೆಯೇ ನನಗೆ ಹೆಚ್ಚು ಗೌರವ. ಆ ಹಣದಲ್ಲಿ ಸುತ್ತಲ ಇಟ್ಟಿಗೆ ಸುಡುವವರಿಗೂ ಕೂಲಿ ಸಿಕ್ಕಿತು.

ಇದೆಲ್ಲವನ್ನೂ ಕಟ್ಟಿ ಹಿಡಿಯಬೇಕಾದ ದಾಖಲೆಗೆ ಉದ್ದ ಹೆಸರಿದೆ: ಕಲೊಬೆಯಿ ಸಮಗ್ರ ಸಾಮಾಜಿಕ ಆರ್ಥಿಕ ಅಭಿವೃದ್ಧಿ ಯೋಜನೆ. ಅಲ್ಲಿನವರು ಇಂಗ್ಲಿಷಿನ ಮೊದಲಕ್ಷರ ಜೋಡಿಸಿ 'ಕಿಸೆಡೆಪ್' ಎನ್ನುತ್ತಾರೆ. ಮೊದಲೆರಡು ವರ್ಷ ತಯಾರಿ. 2018ರಿಂದ 2022 ಒಂದು ಹಂತ, 2027ರವರೆಗೆ ಎರಡನೆಯದು, 2030ರವರೆಗೆ ಮೂರನೆಯದು. ಮುಂದಾಳತ್ವ ತುರ್ಕಾನಾ ಕೌಂಟಿ ಮತ್ತು ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯದು, ಜಂಟಿಯಾಗಿ. ಆರೋಗ್ಯ, ಶಿಕ್ಷಣ, ನೀರು, ವಿದ್ಯುತ್, ಕೃಷಿ, ಖಾಸಗಿ ವ್ಯಾಪಾರ ಮುಂತಾಗಿ ಎಂಟು ವಿಭಾಗ ಮಾಡಿ, ಒಂದೊಂದರಲ್ಲೂ ಕೌಂಟಿಯ ಇಲಾಖೆಯವರು ಮತ್ತು ಸಂಸ್ಥೆಗಳವರು ಒಟ್ಟಿಗೆ ಕೂರಬೇಕು.

ಸಭೆಗಳ ಪಟ್ಟಿಯಿಂದ ಊರು ನಡೆಯುವುದಿಲ್ಲ ಎಂದು ಯಾರಾದರೂ ನಕ್ಕರೆ ನನ್ನದೇನೂ ಅಭ್ಯಂತರವಿಲ್ಲ. ಆದರೆ ಈ ಜಂಟಿ ಕೂರುವಿಕೆ ಯಾಕೆ ಬೇಕಾಯಿತು ಎಂಬುದಕ್ಕೆ ಹಣದ ಸ್ವಭಾವ ನೋಡಬೇಕು. ಪರಿಹಾರದ ಹಣ ವರ್ಷಕ್ಕೊಮ್ಮೆ ಬರುತ್ತದೆ, ನಿರಾಶ್ರಿತರ ತಲೆ ಎಣಿಸಿ ಬರುತ್ತದೆ, ವರ್ಷದೊಳಗೆ ಮುಗಿಯಬೇಕು. ಅಭಿವೃದ್ಧಿಯ ಹಣ ಐದು ವರ್ಷಕ್ಕೆ ಬರುತ್ತದೆ, ದೇಶದ ಪ್ರಜೆಗಳ ಲೆಕ್ಕಕ್ಕೆ ಬರುತ್ತದೆ, ಸರ್ಕಾರದ ಇಲಾಖೆಗಳ ಮೂಲಕ ಇಳಿಯುತ್ತದೆ. ಒಂದೇ ಬೀದಿಯ ಈ ಬದಿಗೆ ಒಂದು ಹಣ, ಆ ಬದಿಗೆ ಇನ್ನೊಂದು. ಹಿಂದೆ ಕಾಕುಮಾದಲ್ಲಿ ಹಾಗೆಯೇ ಆಗುತ್ತಿತ್ತು: ಶಿಬಿರದೊಳಗೆ ಆಸ್ಪತ್ರೆ, ನಲ್ಲಿ, ಶಾಲೆ, ಬೇಲಿಯಾಚೆಯ ತುರ್ಕಾನಾ ಹಟ್ಟಿಗೆ ಏನೂ ಇಲ್ಲ. ನೆಲ ಕೊಟ್ಟವರೇ ಶಿಬಿರದ ಬಾಗಿಲಲ್ಲಿ ಇದ್ದಿಲಿನ ಚೀಲ ಹೊತ್ತು, ಪಡಿತರದ ಜೋಳಕ್ಕೆ ಅದನ್ನು ಬದಲಿಸಿಕೊಳ್ಳುವ ಸ್ಥಿತಿ.

ಕಿಸೆಡೆಪ್ ಮಾಡಿದ ಉಪಯುಕ್ತ ಕೆಲಸವೆಂದರೆ ಈ ಎರಡು ಹಣಕ್ಕೂ ಒಂದೇ ದಿನಚರಿ ಹಾಕಲು ನೋಡಿದ್ದು. ಕೌಂಟಿಯ ಪಂಚವಾರ್ಷಿಕ ಯೋಜನೆಯೂ 2018ರಿಂದ 2022ರದ್ದೇ ಆಗಿತ್ತು. ಕಿಸೆಡೆಪ್‌ನ ಮೊದಲ ಹಂತವನ್ನು ಅದರ ಜೊತೆಗೇ ಹೊಂದಿಸಿದರು. ಕಲೊಬೆಯಿಯ ಆರೋಗ್ಯ ಕೇಂದ್ರದ ಬಾಗಿಲು ತುರ್ಕಾನಾ ತಾಯಂದಿರಿಗೂ ತೆರೆಯಿತು. ಶಾಲೆಯಲ್ಲಿ ನಡೆಯುವುದು ಕೆನ್ಯಾದ್ದೇ ಪಠ್ಯ. ಹಣ ಎಲ್ಲಿಂದ ಬಂದರೂ ಕಟ್ಟಡ ಕೊನೆಗೆ ಯಾವ ಇಲಾಖೆಯ ಪಟ್ಟಿಗೆ ಸೇರುತ್ತದೆ, ಅಲ್ಲಿನ ನರ್ಸಿಗೆ ಸಂಬಳ ಕೊಡುವವರು ಯಾರು ಎಂಬುದನ್ನು ಮೊದಲೇ ಕೇಳುವ ಅಭ್ಯಾಸ ಬಂತು. ಬಂತು ಎಂದೆ, ಗಟ್ಟಿಯಾಯಿತು ಎನ್ನಲಾರೆ.

ಊಟದ ವಿಷಯದಲ್ಲಿ ಬದಲಾವಣೆ ಎದ್ದು ಕಂಡಿತು. ಲಾರಿಯಲ್ಲಿ ಬಂದ ಧಾನ್ಯ ಅಳೆದು ಕೊಡುವ ಬದಲು ವಿಶ್ವ ಆಹಾರ ಕಾರ್ಯಕ್ರಮವು 'ಬಾಂಬಾ ಚಾಕುಲಾ' ಎಂಬ ಹೆಸರಿನಲ್ಲಿ ಮೊಬೈಲಿಗೇ ಹಣ ಹಾಕತೊಡಗಿತು. ಕಲೊಬೆಯಿಯಲ್ಲಿ ತಲೆಗೆ ತಿಂಗಳಿಗೆ 1,400 ಕೆನ್ಯಾ ಶಿಲ್ಲಿಂಗ್. ನೋಂದಾಯಿತ ಅಂಗಡಿಗಳಲ್ಲಿ ಮಾತ್ರ ಅದು ನಡೆಯುತ್ತಿತ್ತು; ಅಂಗಡಿಕಾರರಲ್ಲಿ ನಿರಾಶ್ರಿತರೂ ಇದ್ದರು, ತುರ್ಕಾನಾದವರೂ ಇದ್ದರು. ಹಣ ಬರುವ ಮೊದಲೇ ಉದ್ದರಿ ತಂದು, ಬಂದ ಹಣವನ್ನು ಹಾಗೆಯೇ ಅಂಗಡಿಗೆ ಕಟ್ಟುವ ರೂಢಿಯೂ ಜೊತೆಗೇ ಬೆಳೆಯಿತು. ತಿಂಗಳ ಕೊನೆಯ ಕಿರಾಣಿ ಚೀಟಿ ಯಾವ ದೇಶದಲ್ಲಿದ್ದರೂ ಒಂದೇ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಕಾಕುಮಾಕ್ಕೂ ಕಲೊಬೆಯಿಗೂ ಬಂದ ಹೊಸ ನಿರಾಶ್ರಿತರನ್ನು ಹೋಲಿಸಿ ನೋಡಿದಾಗ, ಕಲೊಬೆಯಿಯವರ ಊಟ ತುಸು ಮೇಲಾಗಿತ್ತು, ಹಿತ್ತಲ ಕೈತೋಟಗಳೂ ಅದಕ್ಕೆ ನೆರವಾಗಿದ್ದವು. ಸ್ವಾವಲಂಬನೆ ಮಾತ್ರ ದೂರದಲ್ಲೇ ಇತ್ತು.

ವ್ಯಾಪಾರದ ಗಾತ್ರ ಸಣ್ಣದಲ್ಲ. ವಿಶ್ವ ಬ್ಯಾಂಕ್ ಬಳಗದ ಅಂತರರಾಷ್ಟ್ರೀಯ ಹಣಕಾಸು ನಿಗಮ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಕಾಕುಮಾ ಶಿಬಿರ ಮತ್ತು ಪಟ್ಟಣ ಸೇರಿದ ಮಾರುಕಟ್ಟೆ ವರ್ಷಕ್ಕೆ ಸುಮಾರು 5.6 ಕೋಟಿ ಡಾಲರಿನದು. ಅಂಗಡಿ ಮುಂಗಟ್ಟುಗಳು ಎರಡು ಸಾವಿರಕ್ಕೂ ಹೆಚ್ಚು. ಅದಕ್ಕೂ ಮೊದಲು, 2016ರ ವಿಶ್ವ ಬ್ಯಾಂಕ್ ಅಧ್ಯಯನವೊಂದು ನಿರಾಶ್ರಿತರು ಇರುವುದರಿಂದ ತುರ್ಕಾನಾದ ಒಟ್ಟು ಉತ್ಪನ್ನ ಶೇ 3.4ರಷ್ಟು ಹೆಚ್ಚಿದೆ ಎಂದು ಅಂದಾಜು ಮಾಡಿತ್ತು. ಶಿಬಿರದ ಅಂಗಡಿಕಾರರು ಕೌಂಟಿಗೆ ವ್ಯಾಪಾರ ಲೈಸೆನ್ಸ್ ಶುಲ್ಕ ಕಟ್ಟುತ್ತಾರೆ. ನಿರಾಶ್ರಿತರು ಹೊರೆ ಎನ್ನುವವರಿಗೆ ಎದುರಿಡಲು ಈ ಅಂಕಿಗಳು ಚೆನ್ನ. ಆದರೆ ಸರಾಸರಿಯಲ್ಲಿ ಹೆಚ್ಚಿದ ಉತ್ಪನ್ನ ಯಾರ ಮನೆಗೆ ಹೋಯಿತು ಎಂದು ಸರಾಸರಿ ಹೇಳುವುದಿಲ್ಲ. ಪೇಟೆಯಲ್ಲಿ ಮೇಕೆ ಮಾರುವವರಿಗೆ ಒಳ್ಳೆಯ ಬೆಲೆ ಸಿಕ್ಕಿತು. ಮೇಕೆಯೇ ಉಳಿಯದವರಿಗೆ ಸಿಕ್ಕಿದ್ದು ಜಾಲಿ ಕಡಿಯುವ ಕೆಲಸ. ಸಂಸ್ಥೆಗಳ ನೌಕರಿಯಲ್ಲಿ ಸ್ಥಳೀಯರಿಗೆ ಪಾಲು ಬೇಕು ಎಂಬ ತುರ್ಕಾನಾ ಯುವಕರ ಒತ್ತಾಯ ಇಂದಿಗೂ ಬಿಸಿಯಾಗಿಯೇ ಇದೆ.

ನೀರಿನದು ಬೇರೆಯೇ ಕಥೆ. ನಕ್ಷೆಯಲ್ಲಿ ಎಲ್ಲವೂ ಇತ್ತು, ಅದರ ಕೆಳಗೆ ನೀರಿರಲಿಲ್ಲ. ಶುರುವಿನ ವರ್ಷಗಳಲ್ಲಿ ಟ್ಯಾಂಕರ್ ಓಡಿಸಿದರು, ಕಾಕುಮಾ ಕಡೆಯ ಬೋರ್‌ವೆಲ್‌ಗಳಿಂದ ಪೈಪ್ ಎಳೆದರು, ಮಳೆನೀರಿಗೆ ಹೊಂಡ ತೋಡಿದರು. ಜನ ಇರುವಲ್ಲಿಗೆ ನೀರು ತರುವುದು, ನೀರಿರುವಲ್ಲಿ ಜನರನ್ನು ಇಡುವುದು, ಇವೆರಡರಲ್ಲಿ ಎರಡನೆಯದು ಅಗ್ಗ ಎಂದು ತುರ್ಕಾನಾ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಶತಮಾನಗಳಿಂದ ಅವರು ಬದುಕಿರುವುದೇ ಹಾಗೆ. ರಾಜಕೀಯವಾಗಿ ಸಿಕ್ಕ ಜಾಗದಲ್ಲಿ ಊರು ಕಟ್ಟಬೇಕಾಗಿ ಬಂದದ್ದರ ಬೆಲೆ ಇದು.

ಮೂಲ ಲೆಕ್ಕಾಚಾರವೂ ಮೊದಲ ವರ್ಷವೇ ತಪ್ಪಿತು. 2016ರಲ್ಲಿ ದಕ್ಷಿಣ ಸುಡಾನಿನಿಂದ ಹೊಸ ಪ್ರವಾಹ ಬಂತು. ಕಾಕುಮಾದಲ್ಲಿ ವರ್ಷಗಟ್ಟಲೆ ಇದ್ದು, ಭಾಷೆ, ಕಸುಬು, ಕೈಯಲ್ಲಿಷ್ಟು ಕಾಸು ಇದ್ದವರನ್ನೂ ತುರ್ಕಾನಾ ಕುಟುಂಬಗಳನ್ನೂ ಕೂಡಿಸಿ ಕಟ್ಟಬೇಕೆಂದಿದ್ದ ಊರಿಗೆ, ಗಡಿ ದಾಟಿ ಬರಿಗೈಯಲ್ಲಿ ಬಂದವರನ್ನು ಕಳಿಸಬೇಕಾಯಿತು. ಸ್ವಾವಲಂಬನೆಯ ಪಟ್ಟಣ ಶುರುವಾದದ್ದು ತುರ್ತು ಪರಿಹಾರದ ಶಿಬಿರವಾಗಿ. ಇದರಲ್ಲಿ ಯೋಜನೆಕಾರರ ತಪ್ಪು ಹುಡುಕುವುದು ಅನ್ಯಾಯ.

ನನ್ನ ತಕರಾರು ಇರುವುದು ಬೇರೆ ಕಡೆ. ಕಲೊಬೆಯಿಯ ಬೀದಿಗಳನ್ನು ಎಷ್ಟು ಜಾಣತನದಿಂದ ಎಳೆದರೂ, ಆ ಬೀದಿಯ ತುದಿಯಿಂದ ಆಚೆ ಹೋಗಲು ಅಲ್ಲಿನ ನಿವಾಸಿಗೆ ಪಾಸ್ ಬೇಕು. ನಿರಾಶ್ರಿತರು ಶಿಬಿರದೊಳಗೇ ಇರಬೇಕೆಂಬುದು ಕೆನ್ಯಾ ದಶಕಗಳಿಂದ ಪಾಲಿಸಿಕೊಂಡು ಬಂದ ನೀತಿ. ಕಿಟಾಲೆಯಿಂದ ಸರಕು ತರಬೇಕಾದ ಅಂಗಡಿಕಾರ, ನೈರೋಬಿಯಲ್ಲಿ ಕೆಲಸ ಸಿಗಬಹುದಾದ ಬಡಗಿ, ಇಬ್ಬರೂ ಮೊದಲು ಕಚೇರಿಯ ಮುಂದೆ ನಿಲ್ಲಬೇಕು. ಪಟ್ಟಣವೊಂದು ಬದುಕುವುದು ಬೇರೆ ಪಟ್ಟಣಗಳೊಂದಿಗಿನ ಹೋಗಿಬರುವಿಕೆಯಿಂದ. ಅದನ್ನು ತಡೆದಿಟ್ಟು, ನಿಮ್ಮ ಕಾಲ ಮೇಲೆ ನೀವು ನಿಲ್ಲಿ ಎಂದರೆ ಆರ್ಥಿಕತೆಯೆಲ್ಲ ದಾನಿಗಳು ಹಾಕುವ ಹಣವೇ ಊರೊಳಗೆ ಸುತ್ತುವುದಕ್ಕೆ ಸೀಮಿತವಾಗುತ್ತದೆ. ಎಂಟು ವಿಭಾಗಗಳ ಸಭೆಯಲ್ಲಿ ಕೂತ ಯಾರ ಕೈಯಲ್ಲೂ ಈ ಬೀಗದ ಕೀಲಿ ಇರಲಿಲ್ಲ. ಅದು ನೈರೋಬಿಯ ಗೃಹ ಇಲಾಖೆಯ ಬಳಿಯಿತ್ತು. ಆ ಇಲಾಖೆಯೇ 2021ರ ಮಾರ್ಚಿನಲ್ಲಿ, ಕಾಕುಮಾ ಮತ್ತು ದದಾಬ್ ಶಿಬಿರಗಳನ್ನು ಮುಚ್ಚುವ ಯೋಜನೆಯನ್ನು ಹದಿನಾಲ್ಕು ದಿನದಲ್ಲಿ ಕೊಡಿ ಎಂದು ವಿಶ್ವಸಂಸ್ಥೆಗೆ ಗಡುವು ಹಾಕಿತ್ತು. ಅದೇ ವರ್ಷದ ನವೆಂಬರಿನಲ್ಲಿ ಅದೇ ದೇಶ ಹೊಸ ನಿರಾಶ್ರಿತರ ಕಾಯ್ದೆ ತಂದು, ನಿರಾಶ್ರಿತರು ದುಡಿಯುವ ಹಕ್ಕಿನ ಬಗ್ಗೆ ಉದಾರವಾಗಿ ಬರೆಯಿತು. ಒಂದು ಕೈ ಬಾಗಿಲು ಹಾಕಲು, ಇನ್ನೊಂದು ಕೈ ತೆರೆಯಲು.

2023ರಲ್ಲಿ ಕಾಕುಮಾಕ್ಕೆ ಪುರಸಭೆಯ ಸ್ಥಾನ ಸಿಕ್ಕಿತು. 2025ರ ಮಾರ್ಚ್ 28ರಂದು ಅಧ್ಯಕ್ಷ ವಿಲಿಯಂ ರುಟೊ 'ಶಿರಿಕಾ' ಯೋಜನೆಗೆ ಚಾಲನೆ ಕೊಟ್ಟರು. ಕಾಕುಮಾ, ದದಾಬ್ ಶಿಬಿರಗಳನ್ನು ಸ್ಥಳೀಯರೂ ನಿರಾಶ್ರಿತರೂ ಕೂಡಿ ಬಾಳುವ ಪಟ್ಟಣಗಳಾಗಿ ಬದಲಿಸುವುದು ಅದರ ಗುರಿ. ಕಲೊಬೆಯಿಯಲ್ಲಿ ನಡೆಸಿದ ಪ್ರಯೋಗವನ್ನೇ ದೇಶದ ನೀತಿಯಾಗಿ ಹಿಗ್ಗಿಸಿದಂತೆ. ಸರಿಯಾಗಿ ಆ ವರ್ಷವೇ ದಾನಿ ದೇಶಗಳು, ಮುಖ್ಯವಾಗಿ ಅಮೆರಿಕ, ಹಣ ಹಿಂದೆಗೆದವು. ಆಹಾರದ ನೆರವು ಪೂರ್ಣ ಪಡಿತರದ ಮೂರನೆಯ ಒಂದು ಭಾಗಕ್ಕಿಂತ ಕೆಳಗಿಳಿಯಿತು. ನಂತರ ಕುಟುಂಬಗಳನ್ನು ಬಡತನದ ಮೇಲೆ ವರ್ಗ ಮಾಡಿ ಹಂಚುವ ಕ್ರಮ ಬಂದಾಗ ಬೀದಿಯಲ್ಲಿ ಪ್ರತಿಭಟನೆ ನಡೆಯಿತು, ಪೊಲೀಸರೊಂದಿಗೆ ಘರ್ಷಣೆಯಾಯಿತು. ಅಂಗಡಿಗಳ ಉದ್ದರಿ ಪುಸ್ತಕ ತುಂಬಿ, ಸರಕು ತರಿಸಲು ಅಂಗಡಿಕಾರರ ಬಳಿಯೇ ಹಣವಿಲ್ಲದಾಯಿತು.

ಈಗ ಕಾಕುಮಾ ಕಲೊಬೆಯಿ ಎರಡರಲ್ಲೂ ಸೇರಿ ಸುಮಾರು 3 ಲಕ್ಷ ನಿರಾಶ್ರಿತರಿದ್ದಾರೆ. ಇಡೀ ತುರ್ಕಾನಾ ಕೌಂಟಿಯ ಜನಸಂಖ್ಯೆ 2019ರ ಗಣತಿಯಲ್ಲಿ 9.27 ಲಕ್ಷವಿತ್ತು. ಇಷ್ಟು ದೊಡ್ಡ ಪಟ್ಟಣದ ಪುರಸಭೆಗೆ ಲೈಸೆನ್ಸ್ ಶುಲ್ಕ ಕಟ್ಟುವವರಲ್ಲಿ ಬಹಳ ಮಂದಿಗೆ ಮತವಿಲ್ಲ. ಮತ ಇರುವ ತುರ್ಕಾನಾ ಜನ ಶಿರಿಕಾದ ಬಗ್ಗೆ ಕೇಳುತ್ತಿರುವುದು ನೆಲದ ಪ್ರಶ್ನೆ: ಶಿಬಿರಕ್ಕೆಂದು ಬಿಟ್ಟ ಗೋಮಾಳ ಪಟ್ಟಣವಾದ ಮೇಲೆ ಯಾರ ಖಾತೆಯಲ್ಲಿರುತ್ತದೆ, ನಿವೇಶನದ ಗುತ್ತಿಗೆ ಯಾರು ಬರೆದುಕೊಡುತ್ತಾರೆ, ಬಾಡಿಗೆ ಯಾರಿಗೆ? 2015ರ ಒಪ್ಪಂದದಲ್ಲಿ ಇದಕ್ಕೆ ಪೂರ್ತಿ ಉತ್ತರವಿಲ್ಲ. ಪುರಸಭೆಯ ಮಂಡಳಿ ಮತ್ತು ಕೌಂಟಿ ವಿಧಾನಸಭೆ ಇದನ್ನು ಇತ್ಯರ್ಥ ಮಾಡುವವರೆಗೆ, ಇಟ್ಟಿಗೆಯ ಮನೆ ಕಟ್ಟಿಕೊಂಡವರ ಕೈಯಲ್ಲಿ ಗೋಡೆಯಿದೆ, ಕಾಗದವಿಲ್ಲ.