ಟ್ರ್ಯಾಕ್ಟರಿನಿಂದ ಪರಲೋಕಕ್ಕೆ

ಹನಗೋಡಿನ ಹೊಗೆಸೊಪ್ಪಿನ ಹೊಲಗಳಲ್ಲಿ ಕಾಣುವಂಥ ಟ್ರ್ಯಾಕ್ಟರೊಂದು ಜಪಾನಿನ ಒಂದು ಕಾದಂಬರಿಯಲ್ಲಿ ನಾಯಕನನ್ನು ಪರಲೋಕಕ್ಕೆ ಅಟ್ಟುತ್ತದೆ. ನಾತ್ಸುಮೆ ಅಕಾತ್ಸುಕಿಯವರ ‘ಕೊನೊಸುಬಾ’ 2013ರಿಂದ 2020ರವರೆಗೆ 17 ಸಂಪುಟಗಳಲ್ಲಿ ಹೊರಬಂದ ಕೃತಿ. ಮೆಲ್ಲನೆ ಬರುತ್ತಿದ್ದ ಆ ಯಂತ್ರವನ್ನು ಲಾರಿಯೆಂದು ಭ್ರಮಿಸಿದ ಕಜುಮನೆಂಬ ತರುಣ, ಹುಡುಗಿಯೊಬ್ಬಳನ್ನು ಪಕ್ಕಕ್ಕೆ ತಳ್ಳಿ, ಬರಿಯ ಗಾಬರಿಯಿಂದಲೇ ಪ್ರಾಣಬಿಡುತ್ತಾನೆ. ಆ ಸಾವನ್ನು ಕಂಡು ನಕ್ಕ ದೇವಿ ಅಕ್ವಾಳನ್ನೇ ವರವಾಗಿ ಬೇಡಿ, ಹೊಸ ಲೋಕಕ್ಕೆ ಎಳೆದೊಯ್ಯುತ್ತಾನೆ.

ಮುಂದಿನ ಪುಟಗಳೇ ಕೃತಿಯ ಜೀವಾಳ. ರಾಕ್ಷಸರಾಜನನ್ನು ಗೆಲ್ಲಬೇಕಾದ ವೀರನು ಊರಗೋಡೆ ಕಟ್ಟುವ ದಿನಗೂಲಿಯಾಗುತ್ತಾನೆ; ದೇವಿಯೂ ಅವನೊಡನೆ ಕೂಲಿಗೆ ಹೋಗಿ, ರಾತ್ರಿ ಕುದುರೆ ಲಾಯದಲ್ಲಿ ಮಲಗುತ್ತಾಳೆ. ಮಾಂತ್ರಿಕೆ ಮೆಗುಮಿನ್ ದಿನಕ್ಕೊಂದೇ ಸಿಡಿಮಂತ್ರ ಹಾಕಿ ನೆಲಕ್ಕೆ ಕುಸಿಯುತ್ತಾಳೆ. ಹೊಟ್ಟೆಪಾಡಿನ ಮುಂದೆ ವೀರರಸ ಹೀಗೆ ಬೆವರುವುದನ್ನು ಕಂಡು ನಗದವನು ಅರಸಿಕನೇ ಸರಿ.

ಆದರೆ ಹಾಸ್ಯಕ್ಕೆ ಔಚಿತ್ಯ ಬೇಡವೇ? ನಾಯಕನು ತನ್ನ ಚೋರವಿದ್ಯೆಯಿಂದ ಹೆಣ್ಣೊಬ್ಬಳ ಒಳಉಡುಪನ್ನು ಕದಿಯುವ ಪ್ರಸಂಗ ಲೇಖಕರಿಗೆ ಚೇಷ್ಟೆಯಾಗಿ ತೋರಿದೆ; ಅದು ಅವಮಾನ. ಇವರ ಲೋಕವು ವಿಡಿಯೋ ಆಟಗಳಿಂದ ಕಡ ತಂದದ್ದೆಂಬ ಆಕ್ಷೇಪವನ್ನು ನಾನು ಒಪ್ಪೆನು: ಲೇವಡಿಗೆ ಕಡದ ಸರಕೇ ಬೇಕು. ಆದರೆ ಡಾರ್ಕ್‌ನೆಸ್ ಎಂಬ ಯೋಧೆಯ ನೋವಿನ ಹಂಬಲ, ಕೀಲಿ ಕೊಟ್ಟ ಬೊಂಬೆಯಂತೆ ಮತ್ತೆ ಮತ್ತೆ ಅದೇ ಕುಣಿತ ಕುಣಿಯುತ್ತದೆ. ಲಾಯದ ಪುಟಗಳನ್ನು ಎರಡು ಸಲ ಓದಿದೆ. ಆಕೆ ಬಂದೊಡನೆ ಹಾಳೆ ಮಗುಚಿದೆ.