29ನೇ ದಿನ ಸಿದ್ಧವಾದ ಚಿಪ್

1978ರಲ್ಲಿ ಕ್ಯಾಲಿಫೋರ್ನಿಯಾದಿಂದ ಎಂಐಟಿಗೆ ಪಾಠ ಮಾಡಲು ಹೊರಟ ಲಿನ್ ಕಾನ್‌ವೇ ಅವರಿಗೆ ಅಳುಕು ಹಿಡಿದಿತ್ತು. ಹತ್ತು ವರ್ಷಗಳ ಹಿಂದೆ, ಹೆಣ್ಣಾಗಿ ಬದುಕಲು ಹೊರಟರೆಂಬ ಕಾರಣಕ್ಕೇ ಐಬಿಎಂ ಅವರನ್ನು ಕೆಲಸದಿಂದ ತೆಗೆದಿತ್ತು. ಹೊಸ ಹೆಸರಿನಲ್ಲಿ ಬದುಕು ಕಟ್ಟಿಕೊಂಡು, ಜೆರಾಕ್ಸ್‌ನ ಪಾರ್ಕ್ ಪ್ರಯೋಗಾಲಯ ಸೇರಿದ್ದರು. ಮೊದಲೇ ಸಂಕೋಚದ ಸ್ವಭಾವ. ಈಗ ಚುರುಕು ಹುಡುಗರ ಮುಂದೆ ನಿಂತು ಚಿಪ್ ವಿನ್ಯಾಸ ಕಲಿಸಬೇಕು. ಭಯಕ್ಕೆ ಅವರು ಕಂಡುಕೊಂಡ ಮದ್ದು, ಪ್ರತಿ ಪಾಠವನ್ನೂ ವಿವರವಾಗಿ ಬರೆದಿಟ್ಟುಕೊಳ್ಳುವುದು. ಮುಂದೆ ಬೇರೆ ವಿಶ್ವವಿದ್ಯಾಲಯಗಳ ಮೇಷ್ಟ್ರುಗಳು ಪಾಠ ಮಾಡಿದ್ದು ಈ ಟಿಪ್ಪಣಿ ಹಿಡಿದೇ.

ಪಾಠವೇನೋ ಸಾಗಿತು. ಆದರೆ ವಿದ್ಯಾರ್ಥಿಗಳ ನಕ್ಷೆ ನಿಜವಾದ ಸಿಲಿಕಾನ್ ಆಗಿ ಅವರ ಅಂಗೈಗೆ ಬರಬೇಕೆಂಬುದು ಕಾನ್‌ವೇ ಹಟ. ತೊಡಕು ಶುರುವಾದದ್ದೇ ಅಲ್ಲಿ. ಪಾರ್ಕ್‌ನಲ್ಲಿ ಆಲ್ಟೊ ಕಂಪ್ಯೂಟರಿನ ತೆರೆಯ ಮೇಲೆ ಇಕಾರಸ್ ಎಂಬ ತಂತ್ರಾಂಶದಿಂದ ನಕ್ಷೆ ಬಿಡಿಸುತ್ತಿದ್ದರು. ಎಂಐಟಿಯವರಿಗೆ ಆ ಭಾಗ್ಯವಿಲ್ಲ. ಒಂದೊಂದು ಗೆರೆಯನ್ನೂ ಸಂಕೇತಗಳಲ್ಲಿ ಟೈಪು ಮಾಡಬೇಕು. ಇನ್ನು ಸಿಲಿಕಾನಿನ ಮೇಲೆ ಚಿತ್ರ ಮೂಡಿಸಲು ಬೇಕಾದ ಗಾಜಿನ ಮಾಸ್ಕ್ ತಯಾರಿಸುವ ಯಂತ್ರಕ್ಕೆ ಈ ಎರಡೂ ಅರ್ಥವಾಗದು. ಒಬ್ಬರ ತಂತ್ರಾಂಶ ಬರೆದ ಕಡತ ಇನ್ನೊಬ್ಬರ ತಂತ್ರಾಂಶಕ್ಕೆ ಬರೀ ಕಸ.

ನೆರವಿಗೆ ಬಂದದ್ದು ಕ್ಯಾಲ್‌ಟೆಕ್‌ನಲ್ಲಿ, ಕಾರ್ವರ್ ಮೀಡ್ ಅವರ ಬಳಗದಲ್ಲಿ ಮೊಳೆತ, ನಕ್ಷೆಯನ್ನು ಎಲ್ಲ ತಂತ್ರಾಂಶಗಳಿಗೂ ಅರ್ಥವಾಗುವಂತೆ ಬರೆಯುವ ಒಂದು ಕ್ರಮ: ಸಿಐಎಫ್ (ಕ್ಯಾಲ್‌ಟೆಕ್ ಇಂಟರ್‌ಮೀಡಿಯೆಟ್ ಫಾರ್ಮ್). ಬಾಬ್ ಸ್ಪ್ರೌಲ್ ಮತ್ತು ಡಿಕ್ ಲಯನ್ ಅದನ್ನು ತಿದ್ದಿ ಹದಕ್ಕೆ ತಂದಿದ್ದರು.

ಸೆಮಿಸ್ಟರ್ ಕೊನೆಗೆ 19 ವಿನ್ಯಾಸಗಳು ಇಂಟರ್ನೆಟ್‌ನ ಪೂರ್ವಜ ಆರ್ಪಾನೆಟ್ ಮೂಲಕ ಅಮೆರಿಕದ ಈ ಕರಾವಳಿಯಿಂದ ಆ ಕರಾವಳಿಗೆ ಹರಿದವು. ಪಾರ್ಕ್‌ನಲ್ಲಿ ಲಯನ್ ಮತ್ತು ಆಲನ್ ಬೆಲ್ ಅವನ್ನೆಲ್ಲ ಒಂದೇ ಚಿಪ್‌ನಲ್ಲಿ ಜೋಡಿಸಿದರು, ಮದುವೆಗೆ ಹೊರಟವರು ಸೇರಿ ಒಂದೇ ಟೆಂಪೊ ಬಾಡಿಗೆಗೆ ಹಿಡಿದ ಹಾಗೆ. ಎಚ್‌ಪಿ ಪ್ರಯೋಗಾಲಯದ ಪ್ಯಾಟ್ ಕ್ಯಾಸ್ಟ್ರೊ ಬಳಗ ಸಿಲಿಕಾನ್ ಬಿಲ್ಲೆಗಳನ್ನು ತಯಾರಿಸಿಕೊಟ್ಟಿತು. ಪಾಠ ಮುಗಿದ ಆರು ವಾರಗಳಲ್ಲಿ ಚಿಪ್‌ಗಳು ಎಂಐಟಿ ತಲುಪಿದವು. ಎಲ್ಲವೂ ಗೆದ್ದವೆಂದಲ್ಲ, ಗೈ ಸ್ಟೀಲ್ ಎಂಬ ವಿದ್ಯಾರ್ಥಿ ಬಲು ಆಸೆಯಿಂದ ಬಿಡಿಸಿದ್ದ ಲಿಸ್ಪ್ ಭಾಷೆಯ ಪ್ರೊಸೆಸರ್‌ನಲ್ಲಿ ಸಣ್ಣಪುಟ್ಟ ತಪ್ಪುಗಳು ಉಳಿದಿದ್ದವು. ಆದರೂ ಸುದ್ದಿ ಹಬ್ಬಿತು.

ಮರುವರ್ಷ ಕಾನ್‌ವೇ ಇನ್ನೂ ದೊಡ್ಡ ಸಾಹಸಕ್ಕೆ ಕೈಹಾಕಿದರು. ಹತ್ತಾರು ವಿಶ್ವವಿದ್ಯಾಲಯಗಳಿಗೆ ಆರ್ಪಾನೆಟ್‌ನಲ್ಲೇ ಮಾತು ಕೊಟ್ಟುಬಿಟ್ಟರು: ವಿನ್ಯಾಸ ಕಳಿಸಿ, ಚಿಪ್ ಮಾಡಿಸಿಕೊಡುತ್ತೇವೆ. ಒಂದೊಂದು ಕಡೆ ಒಂದೊಂದು ತಂತ್ರಾಂಶ, ಒಂದೊಂದು ಕಂಪ್ಯೂಟರು. ಬಂದ ಕಡತಗಳನ್ನು ಮನುಷ್ಯರು ಕೂತು ತಿದ್ದುತ್ತ ಹೋದರೆ ವರ್ಷವೇ ಉರುಳಿಹೋದೀತು. ಬೆಲ್ ಜೊತೆಗೆ ಮಾರ್ಟಿನ್ ನ್ಯೂವೆಲ್ ಕೂತು, ಸಂದೇಶ ಬಂದೊಡನೆ ತಾನೇ ಓದಿ, ಪರಿಶೀಲಿಸಿ, ಉತ್ತರಿಸುವ ವ್ಯವಸ್ಥೆ ಬರೆದರು.

ಡಿಸೆಂಬರ್ ಮೊದಲ ವಾರ ಗಡುವು ಮುಗಿದಾಗ 124 ಮಂದಿಯ 82 ವಿನ್ಯಾಸಗಳು ಸೇರಿದ್ದವು. ಜಿಮ್ ಕ್ಲಾರ್ಕ್ ಅವರ ಕಂಪ್ಯೂಟರ್ ಗ್ರಾಫಿಕ್ಸ್ ಚಿಪ್ ಜಿಯೊಮೆಟ್ರಿ ಎಂಜಿನ್ನಿನ ಮೊದಲ ರೂಪವೂ ಅದರಲ್ಲಿತ್ತು. ಹೊಸ ವರ್ಷ ಹುಟ್ಟುವ ಹೊತ್ತಿಗೆ, ಗಡುವು ಮುಗಿದ 29ನೇ ದಿನಕ್ಕೆ, ಚಿಪ್‌ಗಳು ಸಿದ್ಧವಾಗಿದ್ದವು.

ಈ ವೇಗದ ಗುಟ್ಟು ಸಿಐಎಫ್‌ನ ಬಡತನದಲ್ಲೇ ಇತ್ತು. ಟ್ರಾನ್ಸಿಸ್ಟರ್ ಎಂದರೇನು, ಸರ್ಕ್ಯೂಟ್ ಎಂದರೇನು, ಅದಕ್ಕೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಯಾವ ಪದರದಲ್ಲಿ ಯಾವ ಆಕಾರ ಎಂಬುದಷ್ಟೇ. ಒಂದು ಆಯತಕ್ಕೆ 'ಬಿ' ಅಕ್ಷರ, ನಂತರ ಉದ್ದ, ಅಗಲ, ನಡುಬಿಂದುವಿನ ಸ್ಥಾನ. ಅಳತೆಯೆಲ್ಲ ಮೈಕ್ರಾನಿನ ನೂರನೇ ಒಂದು ಪಾಲಿನಲ್ಲಿ. ಪ್ರತಿ ತಂತ್ರಾಂಶವೂ ಇದೊಂದನ್ನು ಬರೆಯಲು ಕಲಿತರೆ ಸಾಕು, ಮಾಸ್ಕಿನ ಕಡೆಯವರು ಇದೊಂದನ್ನು ಓದಲು ಕಲಿತರೆ ಸಾಕು. ಅಂಕಿ, ಇಂಗ್ಲಿಷಿನ ದೊಡ್ಡಕ್ಷರ ಮತ್ತು ಕೆಲವೇ ಚಿಹ್ನೆಗಳ ಹೊರತು ಉಳಿದುದೆಲ್ಲ ಅದರ ಲೆಕ್ಕಕ್ಕೆ ಖಾಲಿ ಜಾಗ. ಹಾಗಾಗಿ ದಾರಿಯಲ್ಲಿ ಯಾವ ಕಂಪ್ಯೂಟರು ಸಾಲು ಮುರಿದರೂ, ಸಂಖ್ಯೆಗಳ ನಡುವೆ ಎಷ್ಟು ಜಾಗ ಬಿಟ್ಟರೂ, ಆಯತ ಇದ್ದಲ್ಲೇ ಇರುತ್ತಿತ್ತು.